ನಡುಗೋಡೆಯ ಗುಲಾಬಿ ಸದ್ದು

ನೇಕಾರರ ಓಣಿಯಲ್ಲಿ ಹಿಂದಿನಿಂದಲೂ ಎರಡು ನಮೂನೆಯ ಮಾತು ನಡೆದುಬಂದಿವೆ. ಒಂದು ಕಟ್ಟೆಯ ಮಾತು, ಇನ್ನೊಂದು ಒಲೆಯ ಮಾತು. ಕಟ್ಟೆಯ ಮೇಲೆ ಕೂತಾಗ ಎದುರಿಗಿದ್ದವರನ್ನು ಹೊಗಳಬೇಕು. ಒಳಗೆ ಹೋಗಿ ಒಲೆಯ ಮುಂದೆ ಕೂತಾಗ ಅವರನ್ನೇ ಹುರಿಯಬೇಕು. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಸೀರೆಗೆ ಮೇಲ್ಮೈ ಒಳಮೈ ಎಂದು ಇರುವುದಿಲ್ಲವೇ, ಹಾಗೆ.

ಗಜೇಂದ್ರಗಡದ ಬಸ್ ಸ್ಟ್ಯಾಂಡಿನಿಂದ ಕೋಟೆಗುಡ್ಡದ ಕಡೆ ಹೊರಳಿದರೆ ಸಿಗುವ ಈ ಓಣಿಯಲ್ಲಿ ಶೇಖವ್ವನ ಮನೆಗೂ ಮಾನವ್ವನ ಮನೆಗೂ ನಡುವೆ ಒಂದೇ ಗೋಡೆ. ಅದೂ ಎಂಥ ಗೋಡೆ, ಅತ್ತ ಮೊಳೆ ಹೊಡೆದರೆ ಇತ್ತ ಕ್ಯಾಲೆಂಡರ್ ಬೀಳುವಂಥದ್ದು. ಶೇಖವ್ವ ಮೆಣಸಗಿಯಿಂದ ಸೊಸೆಯಾಗಿ ಬಂದ ವರ್ಷವೇ ಮಾನವ್ವ ನರೇಗಲ್ಲಿನಿಂದ ಬಂದವಳು. ಅಂದಿನಿಂದ ಸಂಜೆಗೆ ಇಬ್ಬರಿಗೂ ಒಂದೇ ಕಟ್ಟೆ.

"ನಿನ್ನ ಕೈಯಾಗಿನ ಬ್ಯಾಳಿ ಸಾರಂದ್ರ ಅಮೃತ ನೋಡ ಮಾನವ್ವ" ಎಂದು ಇವಳು ಅನ್ನುವಳು.

"ನಿನ್ನಂಥಾ ಅತ್ತಿ ಸಿಗಬೇಕಾದ್ರ ನಿನ್ನ ಸೊಸಿ ಹೋದ ಜನ್ಮದಾಗ ಪುಣ್ಯಾ ಮಾಡಿರಬೇಕು" ಎಂದು ಅವಳು ಅನ್ನುವಳು.

ದೀಪ ಹಚ್ಚುವ ಹೊತ್ತಿಗೆ ಎದ್ದು ಒಳಗೆ ಹೋಗಿ, ಒಬ್ಬರ ಬಗ್ಗೆ ಒಬ್ಬರು ನಿಜವಾಗಿ ಏನು ತಿಳಿದಿದ್ದಾರೋ ಅದನ್ನು ತಮ್ಮ ತಮ್ಮ ಗಂಡಂದಿರ ಮುಂದೆ ಹೇಳಿ ಮುಗಿಸುವರು. ಹೇಳುವುದೂ ಸಣ್ಣ ದನಿಯಲ್ಲಲ್ಲ. ಮಗ್ಗದ ಮನೆಯಲ್ಲಿ ಸಣ್ಣ ದನಿಯವರು ಉಪವಾಸ ಬೀಳುತ್ತಾರೆ. ಒಂದು ರೊಟ್ಟಿ ಬೇಕೆಂದರೂ ಲಾಳಿಯ ಸಪ್ಪಳ ಮೀರಿ ಕೂಗಬೇಕು. ಕೂಗಿ ಕೂಗಿ ಆ ಓಣಿಯ ಮಂದಿಗೆಲ್ಲ ಗಂಟಲು ಹಿಗ್ಗಿತ್ತು. ಆದರೆ ಮನೆಮನೆಯ ಮಗ್ಗಗಳು ಹೊಡೆಯುವ ಖಟ್‌ಪಟ್ ಸಪ್ಪಳದಲ್ಲಿ ಒಬ್ಬರ ಮಾತು ಇನ್ನೊಬ್ಬರ ಮನೆಗೆ ದಾಟುತ್ತಿರಲಿಲ್ಲ. ಹೀಗಾಗಿ ಓಣಿ ಭಾರೀ ಒಗ್ಗಟ್ಟಿನ ಓಣಿಯೆಂದು ರೋಣದವರೆಗೂ ಹೆಸರು ಮಾಡಿತ್ತು.

ಹಿಂದೊಮ್ಮೆ ನೂಲು ಸಿಗದೆ ಮಗ್ಗಗಳೆಲ್ಲ ನಿಂತಾಗ ಓಣಿಯ ಎಷ್ಟೋ ಮನೆಗಳು ಪಾಲಾಗಿದ್ದವು. ಹೊಟ್ಟೆಗಿಲ್ಲದ್ದಕ್ಕೆ ಜಗಳ ಬಿದ್ದವು ಎಂದು ಹಿರಿಯರು ಅಂದಿದ್ದರು. ಹೊಟ್ಟೆಗಿಲ್ಲದ್ದಕ್ಕಲ್ಲ, ಸಪ್ಪಳವಿಲ್ಲದ್ದಕ್ಕೆ ಎಂದು ಶೇಖವ್ವನಿಗೆ ತಿಳಿಯಲು ತಮ್ಮ ಮನೆಯ ಮಗ್ಗವೇ ಹೋಗಬೇಕಾಯಿತು.

ಒಂದೊಂದೇ ಮನೆಯ ಮಗ್ಗ ನಿಲ್ಲುತ್ತ ಬಂದು, ಕಡೆಗೆ ಉಳಿದದ್ದು ಶೇಖವ್ವನ ಗಂಡ ಅಂದಾನೆಪ್ಪನ, ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ. ಮೊಣಕಾಲು ಕೈಕೊಟ್ಟ ಮೇಲೆ ಅವನೂ ಬಿಟ್ಟ. ಮಗ್ಗವನ್ನು ಹುಬ್ಬಳ್ಳಿ ಕಡೆಯ ಹೋಟೆಲಿನವರೊಬ್ಬರು ಒಯ್ದರು. ಬಾಗಿಲ ಬಳಿ ನಿಲ್ಲಿಸುತ್ತಾರಂತೆ, ಊಟಕ್ಕೆ ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ.

"ನಾ ಹುಟ್ಟಿದಾಗಿಂದ ಅದರಾಗ ಕುಂತಿದ್ದೆ, ಒಬ್ಬನರ ಫೋಟೋ ತಗೀಲಿಲ್ಲ" ಎಂದ ಅಂದಾನೆಪ್ಪ.

ಆ ಸಂಜೆ ಶೇಖವ್ವ ವಾಡಿಕೆಯಂತೆ ಕಟ್ಟೆಯ ಮೇಲೆ ಮಾನವ್ವನ ಬೇಳೆಸಾರನ್ನು ಹೊಗಳಿ, ವಾಡಿಕೆಯಂತೆ ಒಳಗೆ ಬಂದು ಒಲೆಯ ಮುಂದೆ ಕೂತಳು. ರೊಟ್ಟಿ ತಟ್ಟುತ್ತ, ವಾಡಿಕೆಯ ದನಿಯಲ್ಲೇ ಅಂದಳು:

"ಮಾನವ್ವನ ಸಾರಿನಾಗ ಬ್ಯಾಳಿ ಹುಡುಕಬೇಕಂದ್ರ ಬಾವ್ಯಾಗ ಬಿದ್ದ ಕೊಡಕ್ಕ ಬಿಟ್ಟಂಗ ಪಾತಾಳಗರಡಿ ಬಿಡಬೇಕ್ರಿ!"

ಮಾತು ಹೋಗಿ ಗೋಡೆಗೆ ಬಡಿಯಿತು. ಅತ್ತ ಸೌಟು ಬಿದ್ದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಆ 'ಏನೂ ಇಲ್ಲ' ಎಂಬುದನ್ನು ಶೇಖವ್ವ ಈ ಮನೆಗೆ ಬಂದಮೇಲೆ ಮೊದಲ ಸಲ ಕೇಳಿದ್ದಳು. ತಟ್ಟಿದ ರೊಟ್ಟಿ ಕೈಯಲ್ಲೇ ಉಳಿಯಿತು.

ಮರುದಿನ ಮಾನವ್ವ ಒಂದು ಬಟ್ಟಲು ತಂದು ಹೊಸ್ತಿಲ ಮೇಲಿಟ್ಟಳು. ಒಳಗೆ ಬೇಳೆ. ಎಷ್ಟು ಗಟ್ಟಿಯೆಂದರೆ ಚಮಚ ನೆಟ್ಟಗೆ ನಿಂತಿತ್ತು.

"ತಗೋ ಶೇಖವ್ವ. ಗರಡಿ ಬ್ಯಾಡ, ಕೈಲೆ ಸಿಗತೈತಿ" ಎಂದು ಹೇಳಿ ಹೋದಳು. ಅಂದಿನಿಂದ ಕಟ್ಟೆಗೆ ಬರಲಿಲ್ಲ.

ಇದು ಎರಡೇ ಮನೆಯ ಪಾಡಾಗಿರಲಿಲ್ಲ. ಓಣಿಯ ಉದ್ದಕ್ಕೂ ಒಲೆಯ ಮಾತು ಗೋಡೆ ದಾಟಿ ದಾಟಿ ಯಾರ ಮುಖ ಯಾರಿಗೂ ಬೇಡವಾಯಿತು. ಓಣಿಯ ಹಿರಿಯ ಮಹಾಲಿಂಗಪ್ಪ, ನೇಕಾರರಿಗೆ ನೂಲು ಕೊಟ್ಟು ಸೀರೆ ಒಯ್ಯುತ್ತಿದ್ದ ಸಾಹುಕಾರ, ಎಲ್ಲರನ್ನೂ ಕೂಡಿಸಿ ಮೈಕಿನಲ್ಲಿ ಕೂಗಿದ: "ಇನ್ನ ಮ್ಯಾಲೆ ಎಲ್ಲಾರೂ ಮೆಲ್ಲಕ ಮಾತಾಡ್ರಿ!" ಮಂದಿ ಮೆಲ್ಲಗೆ ಮಾತಾಡಿ ನೋಡಿದರು. ಅದು ಇನ್ನೂ ಕೆಟ್ಟಿತು. ಕೂಗಿ ಹೇಳಿದ್ದನ್ನು ಕೇಳಿಸಿಕೊಳ್ಳದವರೂ ಪಿಸುಮಾತಿಗೆ ಗೋಡೆಗೆ ಕಿವಿ ಹಚ್ಚಿ ನಿಂತರು.

ಶೇಖವ್ವ ಸಂಜೆಗೆ ಒಬ್ಬಳೇ ಕಟ್ಟೆಯ ಮೇಲೆ ಕೂತು ಏಳುತ್ತಿದ್ದಳು. ಹೊಗಳಲು ಎದುರಿಗೆ ಯಾರೂ ಇಲ್ಲ. ಎದುರಿಗೆ ಹೊಗಳದೆ ಹಿಂದೆ ಬೈದರೆ ಅದು ಉಪ್ಪಿಲ್ಲದ ಅಡುಗೆ; ಒಲೆಯ ಮುಂದೆ ಬಾಯಿ ತೆರೆಯಲೂ ಮನಸ್ಸಾಗುತ್ತಿರಲಿಲ್ಲ. ಮಾನವ್ವನಿಲ್ಲದೆ ದಿನವೇ ಇಳಿಯುತ್ತಿಲ್ಲ ಎಂದು ಗಂಡನ ಮುಂದೆ ಹೇಳಬೇಕೆಂದರೆ, ಅದನ್ನೂ ಗೋಡೆ ಕೇಳಿಸಿಕೊಂಡೀತು ಎಂಬ ಅಳುಕು.

ಇದನ್ನೆಲ್ಲ ನೋಡುತ್ತಿದ್ದವಳು ಸೊಸೆ ಅನಿತಾ. ರೋಣದ ಹುಡುಗಿ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಅವಳ ಗಂಡ, ಶೇಖವ್ವನ ಮಗ ಅಮರೇಶ, ಮದುವೆ ಮುಂಜಿವೆಗಳಿಗೆ ಸೌಂಡ್ ಬಾಕ್ಸ್ ಬಾಡಿಗೆ ಕೊಡುತ್ತಿದ್ದ. ಹಾಡು ಸರಿಮಾಡುವ ಲ್ಯಾಪ್‌ಟಾಪಿನ ಕೆಲಸವೆಲ್ಲ ಇವಳದೇ. ಅವಳಿಗೂ ತನ್ನದೇ ಒಂದು ಕಷ್ಟವಿತ್ತು. ಹೊಸದಾಗಿ ಮದುವೆಯಾದವಳು, ಗಂಡನೊಡನೆ ನಾಲ್ಕು ಮಾತಾಡಬೇಕೆಂದರೆ ಗೋಡೆಯ ಅತ್ತ ಮಾನವ್ವ ಕೆಮ್ಮುತ್ತಿದ್ದಳು, ಬಾಗಿಲ ಇತ್ತ ಶೇಖವ್ವ.

"ಅತ್ತೀ, ಮಗ್ಗದ ಸಪ್ಪಳ ಹೋತಲ್ರಿ, ಅದರ ಜಾಗಾದಾಗ ಇನ್ನೊಂದ ಸಪ್ಪಳ ಕೂಡ್ರಸೂಣೇನ್ರಿ?" ಎಂದು ಒಂದು ಮಧ್ಯಾಹ್ನ ಕೇಳಿದಳು.

"ಫೋನಿನಾಗ ಮಗ್ಗದ ಸಪ್ಪಳ ಹಚ್ಚಿ ನೋಡೀವಲ್ಲವಾ. ನಾ ಮಾತಾಡಿದ್ದು ಮಾನವ್ವಗ ಕೇಳಿಸೇ ಕೇಳಿಸ್ತು."

"ಅದು ಫೋನಿನಾಗಿನ ಮಗ್ಗಾ ಅತ್ತೀ, ಮಾವಾರ ಮಗ್ಗದಂಗ ಗ್ವಾಡಿ ನಡುಗಸೂದಿಲ್ಲ. ಖಟ್ ಅಂದಿದ್ದಕ್ಕೂ ಪಟ್ ಅಂದಿದ್ದಕ್ಕೂ ನಡುವ ಸಂದಿ ಇರತೈತಿ. ನಿಮ್ಮ ಮಾತ ಆ ಸಂದ್ಯಾಗ ತೂರಿ ಹೋಗತಾವ. ಸಂದೀನ ಇಲ್ಲದ ಸಪ್ಪಳ ಬೇಕು."

ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಸಣ್ಣ ಸಣ್ಣ ಡಬ್ಬಿಗಳು. ಒಂದು ಡಬ್ಬಿಯ ಬುಡದಿಂದ ಎಳೆ ಹಿಡಿದು ಎಳೆದು ಇನ್ನೊಂದು ಡಬ್ಬಿಯ ತಲೆಗೆ ಸಿಕ್ಕಿಸಿದರೆ, ಅಲ್ಲಿ ಹುಟ್ಟಿದ್ದು ಇಲ್ಲಿಗೆ ಹರಿಯುತ್ತದೆ. ಕಡೆಯ ಡಬ್ಬಿಯಿಂದ ಸೌಂಡ್ ಬಾಕ್ಸಿಗೆ. ಬರೆಯುವುದೇನೂ ಇಲ್ಲ, ಎಳೆ ಜೋಡಿಸುವುದಷ್ಟೇ ಕೆಲಸ. ಅನಿತಾ ಮೊದಲು ಒಂದೇ ಡಬ್ಬಿ ಇಟ್ಟು ಎಳೆ ಸಿಕ್ಕಿಸಿದಳು. ಕಾದ ಹಂಚಿಗೆ ನೀರು ಸುರಿದಂತೆ ಚುಂಯ್ ಎಂದಿತು.

"ಆರಿಸಬೇ, ತೆಲಿ ಸೀಳಾಕತ್ತೈತಿ!"

"ಇದು ಬಿಳಿ ಸಪ್ಪಳ್ರಿ. ಸಣ್ಣ ದನಿ, ದಪ್ಪ ದನಿ ಎಲ್ಲಾ ಇದರಾಗ ಐತಿ, ಆದ್ರ ಕಿವಿಗೆ ಸಣ್ಣ ದನೀನ ಚುಚ್ಚತೈತಿ. ತಡೀರಿ, ಗುಲಾಬಿ ಮಾಡತೀನಿ."

"ಸಪ್ಪಳಕ್ಕೆಂಥಾ ಬಣ್ಣಬೇ?"

"ಬೆಳಕಿನಾಗ ಕೆಂಪಿನ ಕಡೆ ಜೋರಿದ್ರ ಗುಲಾಬಿ ಕಾಣತೈತಲ್ರಿ. ಹಂಗ ಇದರಾಗ ದಪ್ಪ ದನಿ ಕಡೆ ಜೋರ. ಅದಕ್ಕ ಹಂಗ ಅಂತಾರ."

ಒಂದರ ಕೆಳಗೊಂದು ಡಬ್ಬಿ ಇಡುತ್ತ ಹೋದಳು. "ಈ ಒಂದೊಂದ ಡಬ್ಬಿ ಕವಡಿ ಒಗದಂಗ ಅಂಕಿ ಒಗೀತೈತ್ರಿ. ಏನ ಬೀಳತೈತಂತ ಯಾರಿಗೂ ಗೊತ್ತಿಲ್ಲ. ಮ್ಯಾಲಿಂದು ಪ್ರತೀ ಸಲ ಒಗೀತೈತಿ. ಅದರ ಕೆಳಗಿಂದು ಒಂದ ಬಿಟ್ಟ ಒಂದ ಸಲ. ಅದರ ಕೆಳಗಿಂದು ನಾಕ ಸಲಕ್ಕೊಮ್ಮೆ. ಇಳದಂಗ ಇಳದಂಗ ನಿಧಾನ. ಎಲ್ಲಾ ಎಳಿ ತಂದು ಒಂದರಾಗ ಕೂಡಿಸಿದ್ರ ಮುಗೀತು."

ಶೇಖವ್ವ ಕನ್ನಡಕ ಏರಿಸಿಕೊಂಡು ನೋಡಿದಳು. "ಹಂಗಂದ್ರ ಇದು ನಮ್ಮ ಓಣೀನ ಆತು. ಮ್ಯಾಲಿನ ಡಬ್ಬಿ ಮೂಲಿಮನಿ ದೇವವ್ವ, ಉಸುರ ತಗೋಳಾಕೂ ಮಾತ ನಿಲ್ಲಸೂದಿಲ್ಲ. ಅದರ ಕೆಳಗಿನಾಕಿ ಮಾನವ್ವ. ನಾ ಅಂದ್ರ ಭಾಳ ಕೆಳಗ."

"ಕಡೀ ಡಬ್ಬಿ ಯಾರ್ರಿ?"

"ನಿಮ್ಮ ಮಾವಾರು. ಉಗಾದಿಗೊಮ್ಮೆ ಬಾಯಿ ತಗೀತಾರ. ತಗದ್ರ ಜಂತಿ ಅಲಗಾಡತಾವ."

ಅನಿತಾ ನಗು ನುಂಗಿ ಕಡೆಯ ಎಳೆ ಸಿಕ್ಕಿಸಿದಳು. ಸದ್ದು ಬಂತು. ಚುಚ್ಚುವಂಥದ್ದಲ್ಲ, ದೂರದಿಂದ, ಕೆಳಗಿನಿಂದ, ಅಗಲವಾಗಿ ಬರುವಂಥದ್ದು. ಶೇಖವ್ವ ಧಡಕ್ಕನೆ ಎದ್ದು ಹಿಟ್ಟಿನ ಡಬ್ಬಿ ಎತ್ತಿ ಅಟ್ಟಕ್ಕೇರಿಸಿದಳು. ಜೋಳದ ಚೀಲಕ್ಕೂ ಕೈ ಹಾಕಿದಳು.

"ಏನ ಮಾಡಾಕತ್ತೀರಿ ಅತ್ತೀ?"

"ಹೊಳಿ ಬಂತಬೇ!"

ಮಲಪ್ರಭಾ ದಂಡೆಯ ಮೆಣಸಗಿಯಲ್ಲಿ ಹುಟ್ಟಿದವಳಿಗೆ ಆ ಸದ್ದು ಕೇಳಿದರೆ ಮೊದಲು ಕೈ ಎದ್ದೇಳುತ್ತದೆ, ಬುದ್ಧಿ ಆಮೇಲೆ. ತಾನು ನಿಂತಿರುವುದು ಗುಡ್ಡದ ಬುಡದ ಗಜೇಂದ್ರಗಡದಲ್ಲಿ ಎಂದು ನೆನಪಾದಾಗ ಚೀಲ ಬಿಟ್ಟು, ಸೆರಗು ಬಾಯಿಗೆ ಹಿಡಿದು ನಕ್ಕಳು. ಮಾನವ್ವ ಮುನಿಸಿಕೊಂಡ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅಮರೇಶ ಒಂದು ಸೌಂಡ್ ಬಾಕ್ಸ್ ತಂದು ಗೋಡೆಗೆ ಹಚ್ಚಿಟ್ಟ. ಇನ್ನು ಪರೀಕ್ಷೆ ಆಗಬೇಕು. "ನಾ ಹೆಪ್ಪು ಕೇಳೂ ನೆವಕ್ಕ ಮಾನವ್ವನ ಬಾಗಿಲಕ ಹೋಗತೀನಿ. ನೀವು ಇಲ್ಲಿ ಒಲಿ ಮುಂದ ನಿಂತು ಜೋರಾಗಿ ಬೈರಿ" ಎಂದು ಶೇಖವ್ವ ಗಂಡನಿಗೆ ಹೇಳಿದಳು.

"ಯಾರಿಗೆ?"

"ಯಾರಿಗರ ಬೈರಿ!"

ಮಾನವ್ವನ ಬಾಗಿಲಲ್ಲಿ ನಿಂತು ಶೇಖವ್ವ ಕಿವಿಗೊಟ್ಟಳು. ಹುಶ್ ಎಂಬುದೊಂದು ಬಿಟ್ಟರೆ ಗಂಡನ ದನಿಯ ಸುಳಿವೂ ಇಲ್ಲ.

"ಅದೇನ ನಿಮ್ಮ ಮನ್ಯಾಗ ಬುಸುಗುಡಾಕತ್ತೈತಿ?" ಎಂದಳು ಮಾನವ್ವ, ಮುಖ ತಿರುಗಿಸಿಕೊಂಡೇ.

"ನಮ್ಮ ಸೊಸಿ ಮಾಡ್ಯಾಳವಾ. ಮಾತ ಮುಚ್ಚೂ ಸಪ್ಪಳ."

ಮಾನವ್ವ ಮುಖ ಇತ್ತ ತಿರುಗಿಸಿದಳು. "ಅಂದ್ರ ನಿಮ್ಮ ಮನೀದು ನಮಗ ಕೇಳಸೂದಿಲ್ಲ?"

"ಇಲ್ಲ."

"ನಮ್ಮ ಮನೀದು ನಿಮಗ?"

"ಅದೂ ಇಲ್ಲ."

ಮಾನವ್ವನ ಹುಬ್ಬಿನ ಗಂಟು ಸಡಿಲಾಯಿತು. ಹೆಪ್ಪು ಕೊಟ್ಟಳು. ಶೇಖವ್ವ ಮನೆಗೆ ಬಂದು ನೋಡಿದರೆ ಅಂದಾನೆಪ್ಪ ಹಬ್ಬದ ಊಟ ಉಂಡವನಂತೆ ಹೊಳೆಯುತ್ತ ಕೂತಿದ್ದ. ಅನಿತಾ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅವನು ಬೈದದ್ದು ಯಾರನ್ನೆಂದು ಶೇಖವ್ವ ಕೇಳಲು ಹೋಗಲಿಲ್ಲ.

ಆ ಸಂಜೆ ಮಾನವ್ವ ಕಟ್ಟೆಗೆ ಬಂದಳು. "ನಿನ್ನ ಸೊಸಿ ಭಾಳ ಶಾಣ್ಯಾಕಿ ನೋಡ" ಎಂದಳು. "ಎಲ್ಲಾ ನಿನ್ನ ಆಶೀರ್ವಾದ" ಎಂದಳು ಶೇಖವ್ವ. ಇಬ್ಬರೂ ಹೊತ್ತು ಮುಳುಗುವ ಮೊದಲೇ ಎದ್ದು ಒಳಗೆ ಓಡಿದರು. ಕೂಡಿಬಿದ್ದ ಮಾತು ಬಹಳ ಇತ್ತು.

ಸುದ್ದಿ ಮಹಾಲಿಂಗಪ್ಪನಿಗೆ ಮುಟ್ಟಿತು. ಓಣಿಗೆಲ್ಲ ಇದೇ ಆಗಲಿ ಎಂದು ಮನೆಗಿಷ್ಟೆಂದು ರೊಕ್ಕ ಎತ್ತಿದ. ಪ್ರತಿ ನಡುಗೋಡೆಗೂ ಒಂದು ಬಾಕ್ಸ್, ಎಲ್ಲಕ್ಕೂ ಅನಿತಾಳ ಲ್ಯಾಪ್‌ಟಾಪಿನಿಂದಲೇ ತಂತಿ. ಸದ್ದು ಗುಲಾಬಿಯದು ಎಂದು ಕೇಳಿದವನೇ ಎಲ್ಲ ಬಾಕ್ಸುಗಳಿಗೂ ಗುಲಾಬಿ ಬಣ್ಣ ಬಳಿಸಿದ. ಬಾಕ್ಸಿನ ಬಣ್ಣಕ್ಕೂ ಸದ್ದಿಗೂ ಸಂಬಂಧವಿಲ್ಲ ಎಂದು ಅನಿತಾ ಹೇಳಿದಾಗ, "ಇರಲಿ ಬಿಡವ್ವ, ಒಂದ ಕೋಟ್ ಜಾಸ್ತಿ ಬಳದ್ರ ಗಟ್ಟಿ ಬರತೈತಿ" ಎಂದ.

ಉದ್ಘಾಟನೆಯ ದಿನ ಹಾರ, ಶಾಲು, ತೆಂಗಿನಕಾಯಿ ಎಲ್ಲ ಆದವು. ಮಹಾಲಿಂಗಪ್ಪ ಮೊದಲು ಗುಂಡಿ ಒತ್ತಿ, ಆಮೇಲೆ ಭಾಷಣಕ್ಕೆ ನಿಂತ. ಓಣಿಯ ತುಂಬ ಹುಶ್ ಎಂದು ಹೊಳೆ ಹರಿಯಿತು. ಅವನ ಬಾಯಿ ಆಡುವುದು ಕಾಣುತ್ತಿತ್ತು, ಕೈ ಮೇಲೇಳುವುದು ಕಾಣುತ್ತಿತ್ತು, ಒಂದು ಅಕ್ಷರವೂ ಕೇಳಿಸಲಿಲ್ಲ. ಮುಗಿದಾಗ ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಇಷ್ಟು ಚಲೋ ಭಾಷಣ ಸಾಹುಕಾರರು ಹಿಂದೆಂದೂ ಮಾಡಿರಲಿಲ್ಲ ಎಂದು ದೇವವ್ವ ಶೇಖವ್ವನ ಕಿವಿಯಲ್ಲಿ ಕೂಗಿದಳು.

ಆಮೇಲೆ ಓಣಿಗೆ ಸುಗ್ಗಿ ಬಂತು. ಕಟ್ಟೆಯ ಮೇಲೆ ಹೊಗಳಿಕೆ ಹೆಚ್ಚಾಯಿತು. ಒಳಗೆ ಹುರಿಯುವುದೂ ಹೆಚ್ಚಾಯಿತು. ಸದ್ದು ಇದೆ ಎಂದು ಮಂದಿ ದನಿ ಏರಿಸಿದರು. ದನಿ ಏರಿತೆಂದು ಸದ್ದು ಸಾಲದಾಯಿತು. ವಾರಕ್ಕೊಮ್ಮೆ ಯಾರಾದರೂ ಬಂದು "ಇನ್ನ ಸ್ವಲ್ಪ ಜೋರ ಮಾಡವ್ವ" ಅನ್ನುವರು.

"ಸಾಹುಕಾರ್ರ, ಇದನ್ನ ಏರಿಸಿದಷ್ಟೂ ಮಂದಿ ಇನ್ನೂ ಜೋರ ಮಾತಾಡತಾರ್ರಿ. ಇದಕ್ಕ ಕೊನೀನ ಇಲ್ಲ" ಎಂದಳು ಅನಿತಾ.

"ಅಭಿವೃದ್ಧಿಗೆ ಎಲ್ಲೈತಿ ಕೊನಿ? ಏರಸು" ಎಂದ ಮಹಾಲಿಂಗಪ್ಪ.

ಏರಿಸಿದಳು. ಬಿಸಿಲು ಏರುವ ಹೊತ್ತಿಗೆ ಒಲೆಗಳು ಹೊತ್ತಿ, ಪ್ರತಿ ಮನೆಯಲ್ಲೂ ಗಂಟಲ ನರ ಉಬ್ಬಿಸಿಕೊಂಡು ಮಾತು ನಡೆಯುತ್ತಿದ್ದವು. ಹೊರಗೆ ಹೊಳೆಯ ಸದ್ದೊಂದೇ. ದೂರದಿಂದ ನೋಡಿದವರಿಗೆ ತಪೋವನದಂಥ ಓಣಿ.

ಕರೆಂಟು ಹೋದದ್ದು ಅಂಥ ಒಂದು ಮಧ್ಯಾಹ್ನ. ಬಸ್ ಸ್ಟ್ಯಾಂಡಿನ ಕಡೆ ಟ್ರಾನ್ಸ್‌ಫಾರ್ಮರ್ ಢಬ್ ಎಂದಿತು, ಓಣಿಯ ಬಾಕ್ಸುಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟವು. ಬಾಯಿಂದ ಹೊರಟ ಮಾತಿಗೆ ಮಾತ್ರ ಕರೆಂಟು ಹೋದದ್ದು ತಿಳಿಯಲಿಲ್ಲ. ಎಲ್ಲ ಮನೆಗಳಿಂದಲೂ ಒಂದೊಂದು ಮಾತು ಪೂರ್ತಿ ಹೊರಬಂದು ಬಿಸಿಲಲ್ಲಿ ನಿಂತಿತು.

"ಹಲ್ಲಿನ ಸೆಟ್ಟ ಹಾಕಿಸ್ಕೊಂಡ ಮ್ಯಾಲೆ ಮಾನವ್ವ ನಕ್ಕರ ಹೊರಿ ಹೊತ್ತ ಕತ್ತಿ ಆಕಳಿಸಿದಂಗ ಕಾಣತಾಳ!" ಇದು ಶೇಖವ್ವನದು.

"ಇವತ್ತ ಈ ಮಂದಿಗೆ ಸಪ್ಪಳಾ ಮಾರೀನಿ, ನಾಳೆ ಸುಮ್ಮನಿರೂದನ್ನ ಮಾರತೀನಿ, ಎರಡೂ ತಗೋತಾವ!" ಇದು ಮಹಾಲಿಂಗಪ್ಪನದು.

ದೇವವ್ವನದು ಬಹಳ ಉದ್ದವಿತ್ತು. ಅರ್ಧ ಓಣಿಯ ಹೆಸರು ಅದರಲ್ಲಿತ್ತು.

ಗೋಡೆಯ ಅತ್ತಲಿಂದ, ತನ್ನ ಗಂಡ ಗ್ಯಾನಪ್ಪನಿಗೆ ಮಾನವ್ವ ಹೇಳುತ್ತಿದ್ದದ್ದು ಹೀಗಿತ್ತು:

"ಬಂದಾಗಿಂದ ಶೇಖವ್ವನ ಕಡೆ ಹೊಗಳಿಸಿಕೊಂಡು ಹೊಗಳಿಸಿಕೊಂಡು ನಂಗ ಸಾಕಾಗೇತಿ! ಒಂದ ದಿನಾ ಮಾರಿ ಮ್ಯಾಲೆ ಬೈದಿದ್ರ ನಾನೂ ಬಾಯಿ ತುಂಬ ಬೈತಿದ್ದೆ. ಅಷ್ಟೂ ಸಲಿಗಿ ಇಲ್ಲೇನ ನಮ್ಮಿಬ್ಬರೊಳಗ?"

ಓಣಿಯಲ್ಲಿ ಎಲ್ಲರೂ ಬೇರೆಯವರು ಮೊದಲು ನಾಚಲಿ ಎಂದು ಕಾಯುತ್ತಿದ್ದರು. ಕಡೆಗೆ ಮಹಾಲಿಂಗಪ್ಪ ಅಂಗಳಕ್ಕೆ ಬಂದ.

"ಯಾರಿಗೂ ಏನೂ ಕೇಳಿಸಿಲ್ಲಲ್ಲ?"

"ಇಲ್ರೀ!" ಎಂದಿತು ಓಣಿ, ಒಂದೇ ದನಿಯಲ್ಲಿ.

"ಒಂದ ಜನರೇಟರ್ ತರಸೂಣೇನು?"

"ಹೌದ್ರೀ!"

ಇಂಥ ಒಗ್ಗಟ್ಟು ಮಗ್ಗದ ಕಾಲದಲ್ಲೂ ಇರಲಿಲ್ಲ.

ಶೇಖವ್ವ ಮಾತ್ರ ದನಿ ಕೂಡಿಸಲಿಲ್ಲ. ಒಲೆಯ ಮುಂದೆ ಕೂತವಳು ಕೂತಲ್ಲೇ ಇದ್ದಳು. ರೊಟ್ಟಿ ಸೀದು ಹೊಗೆಯಾಡಿತು. ಬೈಸಿಕೊಂಡಿದ್ದಕ್ಕೆ ಅವಳಿಗೆ ಬೇಜಾರಿರಲಿಲ್ಲ. ಹೊಗಳಿದ್ದಕ್ಕೆ ಬೈಸಿಕೊಂಡಿದ್ದು ಇದೇ ಮೊದಲು. ಅವಳಿಗೆ ಅದನ್ನು ಯಾವ ಮಾತಿನ ಲೆಕ್ಕದಲ್ಲಿ ಹಾಕಬೇಕೆಂದು ತಿಳಿಯಲಿಲ್ಲ, ಕಟ್ಟೆಯದೋ ಒಲೆಯದೋ.

"ಮಾನವ್ವ ಹೇಳಿದ್ದು ಕೇಳಿಸ್ತೇನ?" ಎಂದ ಅಂದಾನೆಪ್ಪ ಮೆಲ್ಲಗೆ.

"ಅರ್ಧಾ ಕಿವುಡ ನಿಮಗ ಕೇಳಿಸೇತಿ, ನಂಗ ಕೇಳಸೂದಿಲ್ಲೇನ್ರಿ?"

ಸಂಜೆಗೆ ಕರೆಂಟು ಬಂತು. ಮತ್ತೆ ಹೊಳೆ ಹರಿಯತೊಡಗಿತು. ಮಾನವ್ವ ಕಟ್ಟೆಗೆ ಬರಲಿಲ್ಲ. ಅವಳ ಬಾಗಿಲು ಹಾಕಿತ್ತು. ಶೇಖವ್ವ ಅದನ್ನು ಎರಡು ಸಲ ನೋಡಿ ಒಳಗೆ ಬಂದು ಸೊಸೆಯ ಪಕ್ಕದಲ್ಲಿ ಕೂತಳು.

"ನಮ್ಮ ಗ್ವಾಡಿಗೆ ಹೋಗೂ ಎಳಿ ಯಾವ್ದಬೇ?"

"ಇದ್ರಿ. ಯಾಕ ಅತ್ತೀ?"

"ಕಡಿ ಅದನ್ನ."

"ಕಡದ್ರ ಎಲ್ಲಾ ಕೇಳಿಸ್ತೈತ್ರಿ."

"ಗೊತ್ತೈತಿ."

ಅನಿತಾ ತನ್ನ ಕೋಣೆಯ ಕಡೆ ಒಂದು ಸಲ ಆಸೆಯಿಂದ ನೋಡಿ, ನಿಟ್ಟುಸಿರು ಬಿಟ್ಟು, ಮೌಸನ್ನು ಅತ್ತೆಯ ಕೈಗೇ ಕೊಟ್ಟಳು. ಶೇಖವ್ವ ತಡಕಾಡಿ ಎಳೆಯ ಮೇಲೆ ಬಾಣ ನಿಲ್ಲಿಸಿ ಒತ್ತಿದಳು. ಎಳೆ ಅಳಿಸಿಹೋಯಿತು. ಅವರ ಗೋಡೆಯ ಬಾಕ್ಸ್ ಸುಮ್ಮನಾಯಿತು.

ಶೇಖವ್ವ ಗೋಡೆಯ ಹತ್ತಿರ ಹೋಗಿ ನಿಂತು ಗಂಟಲು ಸರಿಮಾಡಿಕೊಂಡಳು. ಕಟ್ಟೆಗೆ ಮೀಸಲಾದ ದನಿ ಬರಲಿಲ್ಲ, ಒಲೆಯ ದನಿಯೇ ಬಂತು.

"ಮಾನವ್ವಾ! ನೀ ಎಂಥಾ ಹೆಣಮಗಳಂತ ಹೇಳಲೇನ?"

ಶೇಖವ್ವ ಗೋಡೆಗೆ ಕೈ ಊರಿ ಕಾದಳು. ಆಮೇಲೆ ಮಂಚ ಕಿರ್ ಎಂದಿತು, ಯಾರೋ ಎದ್ದು ಕೂತರು.

"ತಡಿ, ಹಲ್ಲ ಹಾಕ್ಕೋತೀನಿ" ಎಂದಳು ಮಾನವ್ವ. ಮತ್ತೆ ತುಸು ಹೊತ್ತಿಗೆ: "ಹಾಂ. ನೀ ಸುರು ಮಾಡು. ಆದ್ರ ನಡುವ ನೀರ ಕುಡ್ಯಾಕ ಹೋಗಬ್ಯಾಡ, ನಂದೂ ಭಾಳ ಐತಿ."

ಸುರು ಮಾಡಿದಳು. ಸೊಸೆಯಾಗಿ ಬಂದ ವರ್ಷ ಮಾನವ್ವ ಕೇಳಿ ಒಯ್ದು ಮರಳಿ ಕೊಡದ ಜರಡಿಯಿಂದ ಹಿಡಿದು ಎಲ್ಲವೂ ಬಂದವು. ಜರಡಿ ತೂತಾಗಿಯೇ ಬಂದಿತ್ತು ಎಂದು ಅತ್ತಲಿಂದ ಜವಾಬು ಬಂತು. ಜರಡಿ ತೂತಿಲ್ಲದೆ ಇನ್ನೇನಿರಬೇಕು ಎಂದು ಇತ್ತಲಿಂದ. ಗ್ಯಾನಪ್ಪನೂ ಅಂದಾನೆಪ್ಪನೂ ತಮ್ಮ ತಮ್ಮ ಮನೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತರು. ಇಷ್ಟು ವರ್ಷ ಅರ್ಧರ್ಧ ಕೇಳಿದ್ದ ಕತೆ ಅವರಿಗೆ ಈಗ ಎರಡೂ ಕಡೆಯಿಂದ ಪೂರ್ತಿ ಸಿಗುತ್ತಿತ್ತು.

ಮರುದಿನವೂ ನಡೆಯಿತು. ದೇವವ್ವ ಎರಡು ಮನೆ ಆಚೆ ಇದ್ದಳು. ಅವಳಿಗೆ ಒಂದು ಮಾತು ಕೇಳಿಸಿದರೆ ಮುಂದಿನದು ಹೊಳೆಯಲ್ಲಿ ಹೋಗುತ್ತಿತ್ತು. ತಡೆಯಲಾರದೆ ತನ್ನ ಗೋಡೆಯ ಬಾಕ್ಸಿನ ಪ್ಲಗ್ ಕಿತ್ತಳು. ಅವಳ ಪಕ್ಕದವರೂ ಕಿತ್ತರು. ಮಧ್ಯಾಹ್ನದ ಹೊತ್ತಿಗೆ ಗುಲಾಬಿ ಬಾಕ್ಸುಗಳು ಒಂದಾದ ಮೇಲೊಂದು ಬಾಯಿ ಮುಚ್ಚಿದವು, ಮಂದಿ ಅವುಗಳನ್ನು ಕಟ್ಟೆಗೆ ತಂದಿಟ್ಟು ಅವುಗಳ ಮೇಲೆಯೇ ಕೂತರು. ತಮ್ಮ ಮನೆಯ ಮಾತು ಹೊರಗೆ ಹೋದೀತೆಂಬ ಚಿಂತೆಯೂ ಯಾರಿಗೂ ಇದ್ದಂತೆ ಕಾಣಲಿಲ್ಲ. ಮನೆಯಲ್ಲಿ ಮಾತಾಡುವವರೇ ಉಳಿದಿರಲಿಲ್ಲ.

ಮಹಾಲಿಂಗಪ್ಪ ಜನರೇಟರನ್ನು ಟಂಟಂ ಗಾಡಿಯಲ್ಲಿ ಹೇರಿಸಿಕೊಂಡು ಓಣಿಗೆ ಬಂದಾಗ ಯಾರೂ ಎದ್ದು ನಮಸ್ಕಾರ ಮಾಡಲಿಲ್ಲ.

"ಏನ್ರಪ್ಪಾ ಇದು? ಜನರೇಟರ್ ತಂದೀನಿ! ಇನ್ನ ಮ್ಯಾಲೆ ಹೊಳಿ ನಿಲ್ಲೂದ ಇಲ್ಲ!"

"ಶ್ಶ್! ಸಾಹುಕಾರ್ರ, ಸುಮ್ಮನಿರ್ರಿ" ಎಂದಳು ದೇವವ್ವ. ಅವಳ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಅಕ್ಕಪಕ್ಕದವರು ತಿರುಗಿ ನೋಡಿದರು.

ಮಹಾಲಿಂಗಪ್ಪನಿಗೆ ಸಿಟ್ಟು ಬಂತು. ಎಂಜಿನ್ ಎಬ್ಬಿಸಿಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ ಎಂದು ಗಾಡಿಯ ಹಿಂದೆ ಹೋಗಿ, ಎಳೆದು ಎಬ್ಬಿಸುವ ಹಗ್ಗಕ್ಕೆ ಕೈ ಹಾಕಿ, ಕಾಲು ಊರಿ ನಿಂತ. ಆಗಲೇ ಮನೆಯೊಳಗಿಂದ ಮಾನವ್ವನ ದನಿ ಬಂತು.

"ಅದಿರಲಿ ಶೇಖವ್ವ, ನಮ್ಮ ಸಾಹುಕಾರ್ರದು ನಿಂಗ ಗೊತ್ತೈತೇನ?"

"ಗೊತ್ತಿಲ್ಲದ ಏನು! ಯಾವ್ದು, ನೂಲಿಂದೋ, ನರೇಗಲ್ಲಿಂದೋ?"

"ಎರಡೂ ಹೇಳೂಣು. ಮೊದಲ ನರೇಗಲ್ಲಿಂದು."

ಕಟ್ಟೆಗಳ ಮೇಲಿದ್ದವರೆಲ್ಲ ಒಮ್ಮೆಲೇ ಗೋಡೆಯ ಕಡೆ ಸರಿದರು. ಈಗ ಹಗ್ಗ ಎಳೆದರೆ ಎಂಜಿನ್ನಿನ ಸಪ್ಪಳದಲ್ಲಿ ಆ ಮಾತು ಮುಚ್ಚಿಹೋಗುತ್ತಿತ್ತು. ಆದರೆ ತನ್ನ ಬಗ್ಗೆ ಓಣಿಗೆ ಏನೇನು ಗೊತ್ತಿದೆ ಎಂಬುದು ತನಗೂ ಗೊತ್ತಾಗದೆ ಹೋಗುತ್ತಿತ್ತು. ಮಹಾಲಿಂಗಪ್ಪ ಹಗ್ಗ ಬಿಟ್ಟು, ದೇವವ್ವ ಕೂತಿದ್ದ ಬಾಕ್ಸಿನ ಅಂಚಿನಲ್ಲಿ ತುಸು ಜಾಗ ಮಾಡಿಸಿಕೊಂಡು ಕೂತ.